ಅಪ್ಪ ಮುರಿದ ಹಸಿರು ಬಳೆ

ಬಸ್ಸು ಹಿರಿಯೂರು ಬಿಟ್ಟು ಹೊಸದುರ್ಗದ ರಸ್ತೆಗೆ ಹೊರಳಿದಾಗ ಅಮ್ಮನ ಮಡಿಲಲ್ಲಿ ರಕ್ತ ಕಂಡೆ. ಹಿಂದಿನ ದಿನವಷ್ಟೇ ಬೆಂಗಳೂರಿನಲ್ಲಿ ಅವಳ ಬಲ ಮಣಿಕಟ್ಟಿನ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ ಹೃದಯದ ಆಂಜಿಯೋಗ್ರಾಂ ಮಾಡಿದ್ದರು. ಆ ಕೈಗೆ ಬಳೆ ಬೇಡವೆಂದು ತೆಗೆಸಿ ಕಳಿಸಿದ್ದರು. ಬರಿಗೈಯಲ್ಲಿ ಮನೆ ಹೊಕ್ಕರೆ ಗಂಡನಿಗೆ ಕೆಡುಕೆಂದು ಹೆದರಿದ ಅಮ್ಮ, ಬಸ್ಸಿನಲ್ಲೇ ಸೆರಗಿನ ಮರೆಯಲ್ಲಿ ಬಳೆಗಳನ್ನು ಬ್ಯಾಂಡೇಜಿನ ಮೇಲೆ ತುರುಕಿಕೊಂಡಿದ್ದಳು. ಗಾಯ ಬಿಚ್ಚಿತ್ತು.

ಅಪ್ಪ ಸಂತೆಗಳಲ್ಲಿ ಬಳೆ ತೊಡಿಸುವವರು. ಮುತ್ತೈದೆಯ ಬಳೆ ಒಡೆಯಿತು ಎನ್ನುವ ಮಾತನ್ನೂ ಆಡದವರು. ಪಕ್ಕದಲ್ಲೇ ಕೂತಿದ್ದ ಅವರೇ ಅವಳ ಬಲಗೈಯ ಹಸಿರು ಬಳೆಗಳನ್ನು ಎರಡು ಬೆರಳಲ್ಲಿ ಪಟಪಟನೆ ಮುರಿದರು.

“ಬ್ಯಾಡ್ರೀ, ನಿಮ್ಗೇನಾರ ಆದ್ರೆ!” ಅಮ್ಮ ಚೀರಿದಳು.

“ಸುಮ್ಕಿರು, ಮೊದ್ಲು ನೀನು ಉಳಿ,” ಎಂದ ಅಪ್ಪ ಗಾಯದ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. “ಡ್ರೈವರಣ್ಣ, ಬಸ್ ತಿರುಗಿಸ್ರಿ!”

ಹಿರಿಯೂರಿನ ಆಸ್ಪತ್ರೆ ಮುಟ್ಟುವವರೆಗೂ ಆ ಹೆಬ್ಬೆರಳು ಕದಲಲಿಲ್ಲ.

ಗಾಯ ವಾರದಲ್ಲಿ ಮಾಯಿತು. ಆದರೆ ಇಂದಿಗೂ ಅಪ್ಪ ಒಮ್ಮೆ ಕೆಮ್ಮಿದರೆ ಸಾಕು, ಅಮ್ಮ ಮೊದಲು ತನ್ನ ಬಲಗೈ ನೋಡಿಕೊಳ್ಳುತ್ತಾಳೆ.