ಐದು ನಾಳೆಗಳು ಬಾಕಿ

ನಮ್ಮ ಯಜಮಾನರು ನಲವತ್ತೊಂದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೈಯಾರೆ ಮಾಡಿ ನೋಡದೆ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಗಿರಾಕಿ ಎಷ್ಟು ಅವಸರ ಮಾಡಿದರೂ "ನಾಳೆ ಹೇಳ್ತೀನಿ" ಎನ್ನುವರು, ಮರುದಿನ ತಪ್ಪದೆ ಹೇಳುವರು. ಬೀದಿಯವರು ‘ನಾಳೆ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು.

ಕೊನೆಗಾಲದಲ್ಲಿ ಫೋನಿನಲ್ಲಿ ಹಳೆ ಯಂತ್ರಗಳ ಹುಚ್ಚಿನವರ ಒಂದು ಚರ್ಚಾಕೂಟ ಸೇರಿದರು. ಯಾರೋ ಪ್ರಶ್ನೆ ಬರೆಯುವರು, ಅದರ ಕೆಳಗೆ ಇವರು ಉತ್ತರ ಬರೆಯುವರು.

ಅವರು ಹೋಗಿ ಮೂರು ವರ್ಷವಾಯಿತು. ಆ ಫೋನು ಈಗ ನನ್ನ ನಾದಿನಿಯ ಹತ್ತಿರ ಇದೆ. ಮೊನ್ನೆ ಶನಿವಾರ ಮಧ್ಯಾಹ್ನ ಅದನ್ನು ಹಿಡಿದು ಓಡಿಬಂದಳು.

"ಅತ್ತಿಗೆ, ವರ್ಷ ದಾಟಿದ ಮಾತುಕತೆಗೆಲ್ಲ ಇವತ್ತು ಆರು ಗಂಟೆಗೆ ಬೀಗವಂತೆ. ಓದಬಹುದು, ಬರೆಯೋಕಾಗಲ್ಲ. ಹಳೇದರ ಕೆಳಗೆ ಜಾಹೀರಾತಿನ ಕಸ ಬೀಳುತ್ತಂತೆ."

"ಕಸ ಬಿದ್ರೆ ಗುಡಿಸ್ಲಿ. ಬೀಗ ಯಾಕೆ?"

"ಕೇಳಿ ಇಲ್ಲಿ. ಅಣ್ಣ ಒಂದು ಉತ್ತರ ಬಾಕಿ ಇಟ್ಟಿದ್ದಾನೆ."

ಒಬ್ಬ ಹೆಂಗಸು ಕೇಳಿದ್ದಳು: ತಾಯಿಯ ಯಂತ್ರದಲ್ಲಿ ಹೊಲಿದರೆ ಕೆಳಗಿನ ದಾರ ಬಟ್ಟೆಯ ಮೇಲೆ ಕುಣಿಕೆ ಕುಣಿಕೆಯಾಗಿ ಏಳುತ್ತದೆ, ಏನು ಮಾಡಲಿ? ಇವರು ಬರೆದದ್ದು ಎರಡೇ ಪದ: ನಾಳೆ ಹೇಳ್ತೀನಿ.

ಉತ್ತರ ನನಗೆ ಗೊತ್ತಿತ್ತು. ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸಿನ ಸ್ಪ್ರಿಂಗ್ ಪಟ್ಟಿಯ ಅಡಿ ಕಸ ಕೂತರೆ ಹಾಗಾಗುತ್ತದೆ. ಅಂಗಡಿಯಲ್ಲಿ ಅದನ್ನು ತೆಗೆಯುತ್ತಿದ್ದವಳು ನಾನೇ. ಆದರೂ ಮಾಡಿ ನೋಡದೆ ಹೇಳಿದರೆ ಅದು ಅವರ ಉತ್ತರವಾಗುವುದಿಲ್ಲ. ನನ್ನ ಯಂತ್ರದ ಪಟ್ಟಿಯ ಕೆಳಗೆ ಬೇಕೆಂದೇ ಒಂದು ಎಳೆ ತುರುಕಿ ಹೊಲಿದೆ. ಕುಣಿಕೆ ಎದ್ದವು. ಗಟ್ಟಿ ಕಾಗದದ ಮೂಲೆ ತೂರಿಸಿ ಎಳೆ ತೆಗೆದು ಮತ್ತೆ ಹೊಲಿದೆ. ಹೊಲಿಗೆ ಗೆರೆ ಎಳೆದ ಹಾಗೆ ಬಂತು.

ಆಗ ಐದು ಗಂಟೆ. ನನ್ನ ಓದು ಎರಡನೇ ಕ್ಲಾಸು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

"ಕೊಡಿ ಅತ್ತಿಗೆ. ನೀವು ಹುಡುಕೋಷ್ಟರಲ್ಲಿ ಅವಳು ಕೈಯಲ್ಲೇ ಒಂದು ಅಂಗಿ ಹೊಲಿದು ಮುಗಿಸ್ತಾಳೆ."

"ಸುಮ್ನಿರೇ. ಕೇಸ್ ಯಾವುದು, ಸ್ಪ್ರಿಂಗ್ ಯಾವುದು ನಿನಗೆ ಗೊತ್ತಾ?"

ಐದೂ ಮೂವತ್ತೈದಕ್ಕೆ ನಾಲ್ಕು ಸಾಲು ಹೋಯಿತು. ಕೊನೆಯಲ್ಲಿ "ತಡವಾಯ್ತಮ್ಮ. ಇಂತಿ ಮೇಸ್ತ್ರಿಯ ಹೆಂಡತಿ" ಎಂದು ಬರೆದಿದ್ದೆ.

ಇಬ್ಬರೂ ಫೋನನ್ನೇ ನೋಡುತ್ತ ಕೂತೆವು. ನಾದಿನಿ ಉಗುರು ಕಚ್ಚಿದಳು. ಆರಕ್ಕೆ ನಾಲ್ಕು ನಿಮಿಷ ಇರುವಾಗ ಒಂದು ಚಿತ್ರ ಬಂತು: ಬೆರಳ ತುದಿಯಲ್ಲಿ ನೀಲಿ ದಾರದ ಚೂರು. ಕೆಳಗೆ, "ಸಿಕ್ಕಿತಮ್ಮ. ಹೊಲಿಗೆ ಸರಿ ಬರ್ತಿದೆ. ಇದು ನಮ್ಮಮ್ಮನ ದಾರ."

ಅದರ ಹಿಂದೆಯೇ ಕೂಟ ನಡೆಸುವ ನಿವೃತ್ತ ಮೇಷ್ಟ್ರು ಬರೆದರು. "ಮೇಸ್ತ್ರಿಗಳ ನಾಳೆ ಇನ್ನೆಷ್ಟಿವೆ?"

ಹುಡುಕಿದೆವು. ಕೊನೆಯ ವಾರ ಹಾಸಿಗೆಯಲ್ಲಿದ್ದಾಗ ಬರೆದವು ಇನ್ನೂ ಐದಿದ್ದವು. ಮೇಷ್ಟ್ರು ಆ ಐದಕ್ಕೆ ಬೀಗ ಹಾಕಲಿಲ್ಲ.

ಇವತ್ತು ಸೋಮವಾರ, ಎರಡು ಮುಗಿದಿವೆ. ಮೂರನೆಯವರ ಯಂತ್ರದಲ್ಲಿ ಪದೇ ಪದೇ ಸೂಜಿ ಮುರಿಯುತ್ತದಂತೆ. ನಾನೂ "ನಾಳೆ ಹೇಳ್ತೀನಿ" ಎಂದು ಬರೆದು, ಸೂಜಿ ಡಬ್ಬಿ ತೆಗೆದಿಟ್ಟುಕೊಂಡಿದ್ದೇನೆ.