ಹುಲಿಗೆಮ್ಮ ತಿರುಗಿಸದ ಕುತ್ತಿಗೆ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ತಾಳಗುಂದಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ಹುಲಿಗೆಮ್ಮ ಇದ್ದಳು. ಉಳುಕು ತೆಗೆಯುವುದು ಅವಳಿಗೆ ಅಪ್ಪನಿಂದ ಬಂದ ವಿದ್ಯೆ. ಗಂಡ ಸತ್ತ ಮೇಲೆ ಅದೇ ಅನ್ನವೂ ಆಯಿತು.

ಸೊಂಟ, ಮೊಣಕಾಲಿಗಿಂತ ಕುತ್ತಿಗೆ ನೋವಿನವರೇ ಹೆಚ್ಚು ಬರುತ್ತಿದ್ದರು, ಅದರಲ್ಲೂ ಹೆಂಗಸರು. ಮಣೆಯ ಮೇಲೆ ಕೂರಿಸಿ, ಬಿಸಿ ಹರಳೆಣ್ಣೆ ಸವರಿ, ಹೆಬ್ಬೆರಳಿನಿಂದ ಗಂಟು ಹುಡುಕುತ್ತ ಅವಳು ಕೇಳುತ್ತಿದ್ದುದು ಒಂದೇ ಮಾತು: "ತಲೆ ಮ್ಯಾಲೆ ಏನು ಹೊತ್ತಿದ್ದೆ?" ಹುಲ್ಲಿನ ಹೊರೆ, ಸೌದೆ, ಗೊಬ್ಬರದ ಪುಟ್ಟಿ, ಒಂದರ ಮೇಲೊಂದು ಎರಡು ಕೊಡ. ನಾಟಿಯ ಕಾಲದಲ್ಲಂತೂ ದಿನವಿಡೀ ಬಗ್ಗಿದ್ದವರು ತಲೆ ಎತ್ತಲಾರದೆ ಬರುತ್ತಿದ್ದರು. ಮಾತಾಡಿಸುತ್ತಲೇ ಗದ್ದಕ್ಕೊಂದು ಕೈ, ಹಿಂದಲೆಗೊಂದು ಕೈ ಕೊಟ್ಟು ತಟ್ಟನೆ ಹೊರಳಿಸುವಳು. ಲಟಕ್ಕೆಂದು ಸದ್ದಾಗುತ್ತಿತ್ತು. ಎಷ್ಟೋ ಜನ ಅತ್ತುಬಿಡುತ್ತಿದ್ದರು, ನೋವಿಗಲ್ಲ, ನೋವು ಹೋಗಿದ್ದಕ್ಕೆ.

"ಹದಿನೈದು ದಿನ ಹೊರೆ ಹೊರಬ್ಯಾಡ" ಎಂದಾಗ ಕೂಲಿಯ ಸುಂಕಲಮ್ಮ ನಕ್ಕಿದ್ದಳು. "ನನ್ನ ಬದ್ಲಿ ನೀ ಹೊರ್ತೀಯೇನಕ್ಕ?" ಅವಳು ಅದೇ ನೋವಿಗೆ ಮತ್ತೆರಡು ಸಲ ಬಂದಳು.

ಐವತ್ತೇಳನೇ ಇಸವಿಯ ಸುಗ್ಗಿಯಲ್ಲಿ ಊರ ಪಟೇಲ ಶಾಂತವೀರಪ್ಪನ ಗಾಡಿ ಹಳ್ಳದ ಇಳಿಜಾರಿನಲ್ಲಿ ಮಗುಚಿತು. ಮೈಮೇಲೆ ಒಂದು ಗೀರೂ ಇಲ್ಲ, ಕುತ್ತಿಗೆ ಮಾತ್ರ ಹಿಡಿದುಕೊಂಡಿತು. ಹತ್ತು ದಿನ ಕಳೆದರೂ ಬಿಡದಿದ್ದಾಗ ಮಗ ಸದಾಶಿವಪ್ಪ ಹುಲಿಗೆಮ್ಮನನ್ನು ಮನೆಗೆ ಕರೆಸಿದ. ಅವನ ಹೆಂಡತಿ ಲೋಕಮ್ಮ ಎಣ್ಣೆ ಬಿಸಿ ಮಾಡಿ ತಂದಿಟ್ಟಳು.

ಹುಲಿಗೆಮ್ಮ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನೋಡಿ, ಕೈ ತೆಗೆದಳು.

"ಗೌಡ್ರೇ, ಅಂಗಿ ಗುಂಡಿ ಹಾಕ್ರಿ ನೋಡಾಣ."

ಪಟೇಲನ ಬೆರಳುಗಳು ಗುಂಡಿಯ ಸುತ್ತ ತಡವರಿಸಿದವು. "ಜೋಮು ಹಿಡ್ದಾವೆ ಕಣೇ" ಎಂದ. ನಡೆಸಿ ನೋಡಿದರೆ ಎಡಗಾಲು ನೆಲಕ್ಕೆ ಎಳೆಯುತ್ತಿತ್ತು. ಕೈ ಸೋತವನ ಕುತ್ತಿಗೆ ತಿರುಗಿಸಿದರೆ ಕೊಂದಂತೆ ಎಂದು ಅಪ್ಪ ಅವಳಿಗೆ ಕಲಿಸಿದ್ದ.

"ಇದು ಉಳುಕಲ್ಲ. ಒಳಗೆ ನರಕ್ಕೆ ಪೆಟ್ಟು ಬಿದ್ದೈತಿ. ನಾ ತಿರುಗ್ಸಂಗಿಲ್ಲ, ಯಾರ ಕೈಲೂ ತಿರುಗ್ಸಬ್ಯಾಡ್ರಿ. ಅಲುಗದಂಗೆ ಮಲಗ್ಸಿ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ."

ಸದಾಶಿವಪ್ಪನ ಮುಖ ಕೆಂಪಾಯಿತು. "ಊರ ಕೂಲೇರ ಕುತ್ತಿಗೆ ಎಲ್ಲಾ ನೆಟ್ಟಗೆ ಮಾಡ್ತೀಯ. ನಮ್ಮಪ್ಪಂದಕ್ಕೆ ನಿನ್ನ ಕೈ ಬರಂಗಿಲ್ಲೇನು?"

"ಬರ್ತತಿ. ಬರೋ ಕೈಗೇ ಭಯ ಇರೋದು."

ಕಣದಲ್ಲಿ ಬತ್ತದ ರಾಶಿ ಬಿದ್ದಿತ್ತು. ಶಿವಮೊಗ್ಗಕ್ಕೆ ಹೋದರೆ ವಾರ ಕಳೆಯುತ್ತದೆಂದು ಸದಾಶಿವಪ್ಪ ಮರುದಿನ ಅಪ್ಪನನ್ನು ಸೊರಬದ ಗರಡಿಮನೆಯ ಉಸ್ತಾದ ಉಜ್ಜಪ್ಪನ ಹತ್ತಿರ ಒಯ್ದ. ಲೋಕಮ್ಮನೂ ಗಾಡಿಯಲ್ಲಿದ್ದಳು. ಉಜ್ಜಪ್ಪ ಪೈಲ್ವಾನರ ಉಳುಕು ತೆಗೆದವನು. ಏನೂ ಕೇಳದೆ ತಲೆಯನ್ನು ಎರಡೂ ಕಡೆ ಬಲವಾಗಿ ತಿರುಗಿಸಿದ. ಪಟೇಲ ಕೂತಲ್ಲೇ ಕುಸಿದ. ಆಮೇಲೆ ಅವನ ಕೈಯೂ ಏಳಲಿಲ್ಲ, ಕಾಲೂ ಏಳಲಿಲ್ಲ. ಐದು ವಾರ ನಡುಮನೆಯಲ್ಲಿ ಮಲಗಿದ್ದು ತೀರಿಕೊಂಡ.

"ಹುಲಿಗೆಮ್ಮ ಕೈ ಹಾಕಿದ ಮ್ಯಾಲೇ ಹಿಂಗಾಗಿದ್ದು" ಎಂದ ಸದಾಶಿವಪ್ಪ ತಾಯಿಯ ಮುಂದೆ. ಸೊರಬದಲ್ಲಿ ಉಜ್ಜಪ್ಪ ತಲೆ ತಿರುಗಿಸಿದ ಮಾತನ್ನೇ ಎತ್ತಲಿಲ್ಲ. ಆ ಮಾತು ಕಿವಿಗೆ ಬಿದ್ದು ಹುಲಿಗೆಮ್ಮ ಅವರ ಅಂಗಳಕ್ಕೇ ಹೋಗಿ ನಿಂತಳು.

"ನಿಮ್ಮೆದುರಿಗೇ ಬ್ಯಾಡ ಅಂದಿದ್ನಲ್ರೀ!"

"ಸಾವಾದ ಮನೀಗೆ ಜಗಳಕ್ಕೆ ಬಂದೀಯ?" ಎಂದು ಅವನು ಜನರ ಕಡೆ ನೋಡಿದ. ಜನರೆಲ್ಲ ಅವನ ಕಡೆಯವರೇ. ಬಾಗಿಲ ಹಿಂದೆ ನಿಂತಿದ್ದ ಲೋಕಮ್ಮ ನೆಲ ನೋಡುತ್ತಿದ್ದಳು.

ಅಂದಿನಿಂದ ಹುಲಿಗೆಮ್ಮನ ಮನೆಗೆ ಯಾರೂ ಬರಲಿಲ್ಲ. ಒಮ್ಮೆ ಬಾವಿಯ ಹತ್ತಿರ ಸಿಕ್ಕ ಸುಂಕಲಮ್ಮ ಸೊಟ್ಟ ಕುತ್ತಿಗೆಯಲ್ಲೇ ಹೇಳಿದಳು: "ನೀ ಮಾಡಿಲ್ಲ ಅಂತ ನಂಗೊತ್ತಕ್ಕ. ಆದ್ರೆ ನಾವು ಅವರ ಗದ್ದೀಗೆ ಹೋಗೋರು." ಹುಲಿಗೆಮ್ಮ ರಸ್ತೆಗೆ ಜಲ್ಲಿ ಒಡೆಯಲು ಹೋದಳು. ಹದವರಿತ ಹೆಬ್ಬೆರಳುಗಳು ಸುತ್ತಿಗೆ ಹಿಡಿದು ಬಿರಿದವು.

ಮರುವರ್ಷ ಒಂದು ಮಧ್ಯಾಹ್ನ ಲೋಕಮ್ಮ ಹುಲಿಗೆಮ್ಮನ ಮನೆಗೆ ಹಿತ್ತಲ ಕಡೆಯಿಂದ ಬಂದಳು. ಹಸುಗೂಸನ್ನು ಸದಾ ಒಂದೇ ಹೆಗಲಿಗೆ ಹಾಕಿಕೊಂಡು ಕುತ್ತಿಗೆ ಬಲಕ್ಕೆ ತಿರುಗದಾಗಿತ್ತು. ಹುಲಿಗೆಮ್ಮ ಅವಳ ಬೆರಳು, ಕಾಲು ನೋಡಿದಳು. ಸರಿಯಾಗಿದ್ದವು. ಬರೀ ಉಳುಕು.

"ಸೊರಬದಾಗೆ ಆಗಿದ್ದು ನನ್ನ ಕಿವೀಗೂ ಬಿದ್ದೈತಿ, ನೀವು ಕಣ್ಣಾರೆ ಕಂಡೀರಿ" ಎಂದಳು.

"ಬಾಯಿ ಬಿಟ್ರೆ ನನ್ನ ತವರಿಗೆ ಅಟ್ತಾರೆ, ಹುಲಿಗೆಮ್ಮ." ಲೋಕಮ್ಮನ ಕಣ್ಣು ತುಂಬಿದವು.

ಹಾಗೇ ಹೊರಗೆ ಕಳಿಸಿಬಿಡಲೇ ಎನಿಸಿತು ಹುಲಿಗೆಮ್ಮನಿಗೆ. ಸೊಟ್ಟ ಕುತ್ತಿಗೆ ಹೊತ್ತು ತಿರುಗಲಿ, ಆ ಮನೆಯವರು ನೋಡಲಿ. ಕೊನೆಗೆ ಎಣ್ಣೆ ಕಾಸಿದಳು, ಗಂಟು ಹುಡುಕಿದಳು, ಏನೂ ಮಾತಾಡಿಸದೆ ಹೊರಳಿಸಿದಳು. ಲೋಕಮ್ಮ ಹಿತ್ತಲಿನಿಂದಲೇ ಹೋದಳು.

ಎಂಟು ದಿನದ ಮೇಲೆ ಸೊರಬದ ಸಂತೆಯಲ್ಲಿ ಲೋಕಮ್ಮ ಅತ್ತೆಯ ಜೊತೆ ಎದುರಾದಳು. ಅತ್ತೆ ಹುಲಿಗೆಮ್ಮನನ್ನು ಕಂಡು ನೆಲಕ್ಕೆ ಉಗುಳಿದಳು. ಲೋಕಮ್ಮ ಕುತ್ತಿಗೆಯನ್ನು ಸಲೀಸಾಗಿ ಬಲಕ್ಕೆ ತಿರುಗಿಸಿ ಬಳೆಯಂಗಡಿ ನೋಡುತ್ತ ನಿಂತಳು.