ಲಿಫ್ಟಮ್ಮನ ಎರಡು ದಿನದ ಡ್ಯೂಟಿ

ಆ ಆಸ್ಪತ್ರೆಯಲ್ಲಿ ಜೀವಮಾನದಲ್ಲಿ ಅತಿ ಹೆಚ್ಚು ಎತ್ತರಕ್ಕೆ ಹೋದವರು ಯಾರೆಂದು ಕೇಳಿದರೆ ಗೇಟಿನ ಕಾವಲುಗಾರನಿಂದ ಹಿಡಿದು ಮೂಳೆ ಡಾಕ್ಟರರವರೆಗೆ ಎಲ್ಲರೂ ಲಿಫ್ಟಮ್ಮನ ಕಡೆಗೇ ಕೈ ತೋರಿಸುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದಿಂದ ಆಕೆ ದಿನಕ್ಕೆ ಅರವತ್ತು ಸಲ ಆರನೇ ಮಹಡಿಗೆ ಹೋಗಿ ಬರುತ್ತಿದ್ದಳು. ಅದೂ ಕೂತ ಸ್ಟೂಲಿನಿಂದ ಏಳದೆ. ಇಷ್ಟು ಏರಿದ ಮನುಷ್ಯಳು ಮನೆ ಹಿಡಿಯುವಾಗ ಮಾತ್ರ ನೆಲಮಹಡಿಯೇ ಆಗಬೇಕೆಂದು ಹಟ ಹಿಡಿದಿದ್ದಳು. ಮೆಟ್ಟಿಲು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಮೆಟ್ಟಿಲು ಇರುವುದು ಲಿಫ್ಟ್ ಕೆಟ್ಟಾಗ ಜನ ನಮ್ಮನ್ನು ಬೈದುಕೊಂಡು ಹತ್ತಲಿಕ್ಕೆ ಎನ್ನುವುದು ಆಕೆಯ ಅಭಿಪ್ರಾಯ.

ಲಿಫ್ಟು ಹಳೆಯದು. ಮಡಚುವ ಕಬ್ಬಿಣದ ಜಾಲರಿ ಬಾಗಿಲು, ಗೋಡೆಯಲ್ಲೊಂದು ಹಿತ್ತಾಳೆಯ ಹಿಡಿ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ನಡುವೆ ತಂದರೆ ನಿಲುಗಡೆ. ಆದರೆ ಸರಿಯಾಗಿ ಎಲ್ಲಿ ನಿಲ್ಲುತ್ತದೆ ಎನ್ನುವುದು ಹಿಡಿದವರ ಕೈಗುಣ. ಬೇರೆಯವರು ಹಿಡಿದರೆ ಲಿಫ್ಟಿನ ನೆಲ ಮಹಡಿಗಿಂತ ಒಂದು ಗೇಣು ಮೇಲೋ ಕೆಳಗೋ ನಿಂತು, ಒಳಗಿದ್ದ ರೋಗಿಗೆ ಹೊಸದೊಂದು ಮೂಳೆ ಮುರಿಯುವ ಸಂದರ್ಭ ಒದಗುತ್ತಿತ್ತು. ಲಿಫ್ಟಮ್ಮ ನಿಲ್ಲಿಸಿದರೆ ಗಾಲಿಕುರ್ಚಿಯ ಚಕ್ರಕ್ಕೂ ಮಹಡಿ ಬಂದದ್ದು ಗೊತ್ತಾಗುತ್ತಿರಲಿಲ್ಲ. ನಿಲ್ಲಿಸಿದ ಮೇಲೆ ರಾಗವಾಗಿ ಕೂಗುತ್ತಿದ್ದಳು: ಒಂದು, ಚರ್ಮ. ಎರಡು, ಕಣ್ಣು ಕಿವಿ. ಮೂರು, ಹೆರಿಗೆ. ನಾಲ್ಕು, ಮೂಳೆ. ಐದು, ಮಕ್ಕಳು. ಆರು, ಆಪರೇಷನ್.

ಲಿಫ್ಟಿಗೆ ಇದ್ದ ಒಂದೇ ದೋಷ ಅದರ ಗಾತ್ರ. ಮಂಚ ಹಿಡಿಸುತ್ತಿರಲಿಲ್ಲ. ನಡೆಯಲಾಗದವರನ್ನು ಕುರ್ಚಿಯಲ್ಲಿ ಮಡಚಿ ಕೂರಿಸಿ ಸಾಗಿಸಬೇಕು, ಮಡಚಲಾಗದವರು ಮೇಲೆಯೇ ಇರಬೇಕು. ಹಾಗೆ ಉಳಿದವಳು ಐದನೇ ಮಹಡಿಯ ಎಂಟು ವರ್ಷದ ಒಬ್ಬ ಹುಡುಗಿ. ಸೊಂಟದ ಮೂಳೆಯ ಕಾಯಿಲೆ. ಕಾಲಿಗೆ ಹಗ್ಗ, ಹಗ್ಗದ ತುದಿಗೆ ತೂಕದ ಕಲ್ಲು ಕಟ್ಟಿಕೊಂಡು ವರ್ಷದಿಂದ ಮಂಚದ ಮೇಲೇ ಇದ್ದಳು. ಕಿಟಕಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಅಂಗಳದ ಮರದ ನೆತ್ತಿ ಮಾತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಲಿಫ್ಟಮ್ಮ ಹೋಗಿ ಪಕ್ಕದಲ್ಲಿ ಕೂತರೆ ಅವಳು ಕೇಳುತ್ತಿದ್ದದ್ದು ಒಂದೇ ವಿಷಯ: ಆ ಮರ ಕೆಳಗೆ ಹೇಗಿದೆ? ಲಿಫ್ಟಮ್ಮ ಬುಡವನ್ನು ವರ್ಣಿಸುತ್ತಿದ್ದಳು. ದಿನಕ್ಕಿಷ್ಟು ಸೇರಿಸಿ ಸೇರಿಸಿ, ಕೊನೆಗೆ ಆ ಬುಡವನ್ನು ತಬ್ಬಲು ಎಂಟು ಜನ ಬೇಕಾಗುವ ಮಟ್ಟಕ್ಕೆ ಬಂದಿತ್ತು. ಕಥೆ ಹೇಳುವವರ ಈ ಚಾಳಿ ನಮಗೂ ಹೊಸದಲ್ಲ, ಆದ್ದರಿಂದ ಆಕೆಯನ್ನು ದೂರುವಂತಿಲ್ಲ.

ಮಂಚ ಹಿಡಿಸುವ ಹೊಸ ಲಿಫ್ಟಿಗಾಗಿ ದಾನ ಎತ್ತಬೇಕೆಂದು ಆಸ್ಪತ್ರೆಯ ಕಮಿಟಿ ತೀರ್ಮಾನಿಸಿತು. ಮೂಳೆ ಡಾಕ್ಟರಿಗೆ ಪರ್ವತಾರೋಹಣದ ಹುಚ್ಚು. ಅವರು ಆರು ಜನ ಸಿಬ್ಬಂದಿಯನ್ನು ಕಟ್ಟಿಕೊಂಡು ದೊಡ್ಡದೊಂದು ಪರ್ವತ ಹತ್ತುವುದು, ಶಿಖರ ಮುಟ್ಟಿದರೆ ಇಂತಿಷ್ಟು ಕೊಡುತ್ತೇವೆಂದು ಊರಿನವರಿಂದ ಬರೆಸಿಕೊಳ್ಳುವುದು, ಇದು ಯೋಜನೆ. ಊರು ಒಂದಿಷ್ಟೂ ಅಲುಗಲಿಲ್ಲ. ಡಾಕ್ಟರು ವರ್ಷವರ್ಷವೂ ಸ್ವಂತ ಖರ್ಚಿನಲ್ಲಿ ಹತ್ತುವವರು, ಅವರು ಹತ್ತಿದ್ದಕ್ಕೆ ನಾವೇಕೆ ಕೊಡಬೇಕು ಎಂದು ಜನ ತಮ್ಮತಮ್ಮಲ್ಲೇ ಹೇಳಿಕೊಂಡರು. ಅಷ್ಟರಲ್ಲಿ ತಂಡದ ಒಬ್ಬ ನರ್ಸಿಗೆ ಕಾಲು ಉಳುಕಿತು. ಆ ಜಾಗಕ್ಕೆ ಯಾರು ಎಂಬ ಮಾತು ಲಿಫ್ಟಿನೊಳಗೇ ಬಂದಾಗ ಕುರ್ಚಿಯಲ್ಲಿ ಕೂತಿದ್ದ ಸಿಮೆಂಟ್ ಸಾಹುಕಾರ ಬಾಯಿ ಹಾಕಿದ. ಅವನ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು. ಮಡಚಲಾಗದೆ ಅದು ಜಾಲರಿಗೆ ತಾಗುವಂತೆ ಫಿರಂಗಿಯ ಹಾಗೆ ಚಾಚಿಕೊಂಡಿತ್ತು.

"ಲಿಫ್ಟಮ್ಮನ್ನೇ ಕಳಿಸಿ ಡಾಕ್ಟ್ರೇ. ಈಕೆ ತುದಿಯಲ್ಲಿ ನಿಂತ್ರೆ ಅರ್ಧ ಲಿಫ್ಟಿನ ದುಡ್ಡು ನಂದು" ಎಂದು ಹೇಳಿ ಅವನು ಪ್ಲಾಸ್ಟರು ಕುಲುಕುವಂತೆ ನಕ್ಕ.

ಲಿಫ್ಟಮ್ಮ ನಗಲಿಲ್ಲ. ರಸ್ತೆ ಮುಗಿದ ಮೇಲೆ ಪರ್ವತ ಎಷ್ಟು ಎತ್ತರ ಇದೆ ಎಂದು ಡಾಕ್ಟರನ್ನು ವಿಚಾರಿಸಿದಳು. ಮೂರು ಸಾವಿರ ಮೀಟರು ಎಂದರು. ಒಂದು ಮಹಡಿ ನಾಲ್ಕು ಮೀಟರು, ಒಂದು ಟ್ರಿಪ್ಪಿಗೆ ಆರು ಮಹಡಿ, ದಿನಕ್ಕೆ ಅರವತ್ತು ಟ್ರಿಪ್ಪು ಎಂದು ಆಕೆ ಬೆರಳು ಮಡಚುತ್ತಾ ಹೋಗಿ, ನಾಲ್ಕನೇ ಮಹಡಿಯಲ್ಲಿ ಲಿಫ್ಟನ್ನು ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲದಂತೆ ನಿಲ್ಲಿಸಿ ಹೇಳಿದಳು: "ಎರಡು ದಿನದ ಡ್ಯೂಟಿ ಅಷ್ಟೇ ಅಲ್ವಾ. ಬರ್ತೀನಿ."

ಸುದ್ದಿ ಹಬ್ಬಿದ್ದೇ ತಡ, ಲಿಫ್ಟಮ್ಮ ಶಿಖರ ಮುಟ್ಟಿದರೆ ಕೊಡುತ್ತೇವೆಂದು ಬರೆಸಲು ಊರು ದಾನದ ಪಟ್ಟಿಗೆ ಮುಗಿಬಿತ್ತು. ಮೊದಲನೇ ಮಹಡಿಗೂ ಕಾಲಲ್ಲಿ ಹೋಗದ ಹೆಂಗಸು ಪರ್ವತದ ತುದಿ ಮುಟ್ಟಿದರೆ ತಾನೇ ಕೊಡುವ ಪ್ರಶ್ನೆ? ಪುಕ್ಕಟೆಯಾಗಿ ದಾನಶೂರರಾಗುವ ಅವಕಾಶವನ್ನು ಯಾರೂ ಬಿಡಲಿಲ್ಲ. ಜಿಪುಣರೆಂದು ಹೆಸರಾದವರೇ ಮೇಲಿನ ಸಾಲುಗಳಲ್ಲಿ ರುಜು ಹಾಕಿದರು.

ಹೊಸ ಲಿಫ್ಟಿನ ಚಿತ್ರವಿದ್ದ ಕಾಗದವನ್ನು ಕಮಿಟಿಯವರು ಎಲ್ಲರಿಗೂ ಕಾಣುವ ಕಡೆ ಅಂಟಿಸಲು ಲಿಫ್ಟಮ್ಮನ ಕೈಗೇ ಕೊಟ್ಟರು. ಅಂಟು ಸವರುವ ಮೊದಲು ಆಕೆ ಓದಿದಳು. ಅಗಲದ ಬಾಗಿಲು, ಉಕ್ಕಿನ ಗೋಡೆ, ಮಂಚ ಹಿಡಿಸುವಷ್ಟು ಜಾಗ. ಕೊನೆಯಲ್ಲಿ ಸಣ್ಣಕ್ಷರದ ಒಂದು ಸಾಲು: ಗುಂಡಿ ಒತ್ತಿದರೆ ಸಾಕು, ನಡೆಸಲು ಯಾರೂ ಬೇಕಿಲ್ಲ. ಆಕೆ ಆ ಸಾಲನ್ನು ನಾಲ್ಕು ಸಲ ಓದಿದಳು. ಆಮೇಲೆ ನಾಲ್ಕು ಮೂಲೆಗೂ ಅಂಟು ಸವರಿ, ಸ್ಟೂಲಿನ ಎದುರಿನ ಗೋಡೆಗೆ ಸೊಟ್ಟಗಾಗದಂತೆ ಒತ್ತಿದಳು.

ಅದನ್ನು ಆಕೆ ಹೇಳಿದ್ದು ಗಂಡನಿಗೆ ಮಾತ್ರ. ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ದಿನವಿಡೀ ಮೌನವಾಗಿರುವ ಮನುಷ್ಯ. ಮಸೂರ ತೆಗೆಯದೆಯೇ ಕೇಳಿದ: "ಕೆಲಸ ಕಳ್ಕೊಳ್ಳೋಕೆ ಅಷ್ಟು ಎತ್ತರಕ್ಕೆ ಹೋಗಬೇಕಾ? ಇಲ್ಲೇ ಕೂತು ಕಳ್ಕೋಬಹುದಲ್ಲ."

"ಆ ಮಗು ಮರದ ಬುಡ ನೋಡ್ಬೇಕಂತೆ ಕಣ್ರೀ."

ಗಂಡ ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟ. ಆಕೆ ರಿಟೈರಾಗಲು ಇನ್ನೂ ಆರು ವರ್ಷ ಇದೆ ಎಂಬುದು ಇಬ್ಬರಿಗೂ ಗೊತ್ತು, ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಅವನು ಬಗ್ಗಿ, ಅದೇ ಮಸೂರದಲ್ಲಿ ಹೆಂಡತಿಯ ಮೊಣಕಾಲನ್ನು ಪರೀಕ್ಷಿಸಿ, ಯಂತ್ರ ಚೆನ್ನಾಗೇ ಇದೆ, ಇಷ್ಟು ದಿನ ಕೀ ಕೊಟ್ಟಿಲ್ಲ ಅಷ್ಟೇ ಎಂದು ತೀರ್ಪು ಕೊಟ್ಟ.

ಕೀ ಕೊಡುವ ಕೆಲಸ ಮರುದಿನದಿಂದಲೇ ಶುರುವಾಯಿತು. ಊಟದ ಬಿಡುವಿನಲ್ಲಿ ಹದಿನೈದು ನಿಮಿಷ ಮಗುವಿಗೆ, ಉಳಿದದ್ದು ಮೆಟ್ಟಿಲಿಗೆ. ಲಿಫ್ಟಿನ ಬಾಗಿಲಿಗೆ ಒಂದು ರಟ್ಟು ನೇತಾಡತೊಡಗಿತು: "ಲಿಫ್ಟ್ ಇಲ್ಲ. ಲಿಫ್ಟಮ್ಮ ಮೆಟ್ಟಿಲ ಮೇಲೆ ಇದ್ದಾರೆ." ಮೊದಲ ದಿನ ಕಣ್ಣು ಕಿವಿಯ ಮಹಡಿಯಲ್ಲಿ ಆಕೆಗೆ ಕಣ್ಣು ಕತ್ತಲಿಟ್ಟು ಕಿವಿ ಗುಂಯ್‌ಗುಟ್ಟಿತು. ಮೂರನೇ ದಿನ ಹೆರಿಗೆಯ ಮಹಡಿ ತಲುಪಿದಾಗ ಆಕೆಯ ಏದುಸಿರು ಕೇಳಿ ನರ್ಸುಗಳು ಸ್ಟ್ರೆಚರ್ ತಂದರು. ಆದರೆ ಮೆಟ್ಟಿಲ ಮೇಲೆ ಆಕೆಗೆ ಒಂದು ಅಚ್ಚರಿ ಕಾದಿತ್ತು. ಇಪ್ಪತ್ತು ವರ್ಷದಿಂದ ಅದೇ ಕಟ್ಟಡದಲ್ಲಿ ದುಡಿಯುತ್ತಿದ್ದರೂ ಒಮ್ಮೆಯೂ ಲಿಫ್ಟ್ ಹತ್ತದ, ಆಕೆ ಮುಖವನ್ನೇ ನೋಡದ ಜನ ಅಲ್ಲಿದ್ದರು. ರಕ್ತಪರೀಕ್ಷೆಯ ತೆಳ್ಳಗಿನ ಹೆಂಗಸೊಬ್ಬಳು ಆಕೆಯನ್ನು ಹೊಸ ರೋಗಿಯೆಂದು ತಿಳಿದು ಚೀಟಿ ಕೇಳಿದಳು. ಎರಡು ತಿಂಗಳಾಗುವ ಹೊತ್ತಿಗೆ ಆ ತೆಳ್ಳಗಿನ ಹೆಂಗಸನ್ನೇ ಹಿಂದೆ ಹಾಕಿ ಲಿಫ್ಟಮ್ಮ ಆರನೇ ಮಹಡಿಗೆ ದಿನಕ್ಕೆ ಐದು ಸಲ ಹೋಗಿ ಬರುತ್ತಿದ್ದಳು.

ಪರ್ವತ ಮಾತ್ರ ಎರಡು ದಿನದ ಡ್ಯೂಟಿಯಾಗಿರಲಿಲ್ಲ. ಮೊದಲ ದಿನ ಸಂಜೆಯೇ ಲಿಫ್ಟಮ್ಮನಿಗೆ ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಹೊಳೆಯಿತು. ಲಿಫ್ಟು ನೆಟ್ಟಗೆ ಹೋಗುತ್ತದೆ. ಪರ್ವತದ ದಾರಿಗೆ ಆ ಶಿಸ್ತಿಲ್ಲ. ಅದು ಮದುವೆಮನೆಗೆ ಹೊರಟ ನೆಂಟರ ಹಾಗೆ ಬಲಕ್ಕೆ ಹೋಗಿ, ಎಡಕ್ಕೆ ಹೋಗಿ, ಒಮ್ಮೊಮ್ಮೆ ಕೆಳಗಿಳಿದು, ಆಮೇಲೆ ನೆನಪಾದವರಂತೆ ಮೇಲೆ ಹೊರಡುತ್ತಿತ್ತು. ಎರಡನೇ ದಿನ ಆಕೆ ಉಪಾಯ ಕಂಡುಕೊಂಡಳು. ಇಷ್ಟು ಹೆಜ್ಜೆಗೆ ಒಂದು ಮಹಡಿ ಎಂದು ಗೊತ್ತುಮಾಡಿಕೊಂಡು ಕೂಗತೊಡಗಿದಳು. ಒಂದು, ಚರ್ಮ. ಎರಡು, ಕಣ್ಣು ಕಿವಿ. ಆರಕ್ಕೆ ಒಂದು ಟ್ರಿಪ್ಪು, ಒಂದು ಗುಟುಕು ನೀರು, ಮತ್ತೆ ಒಂದರಿಂದ. ಮೊದಲು ನಕ್ಕ ಸಂಗಡಿಗರು ಮಧ್ಯಾಹ್ನದೊಳಗೆ ದನಿಗೂಡಿಸಿದರು. ಎಲ್ಲೆಲ್ಲಿಂದಲೋ ಬಂದಿದ್ದ ಬೇರೆ ತಂಡದವರೂ ಅರ್ಥ ತಿಳಿಯದೆ ಅದನ್ನೇ ಹೇಳಿಕೊಂಡು ನಡೆದರು. ಅದು ಯಾವುದೋ ಸ್ತೋತ್ರವೆಂದು ಅವರು ತಿಳಿದಿದ್ದರು. ಹೆರಿಗೆ, ಮೂಳೆ ಎಂಬ ಗಂಭೀರ ಘೋಷ ಕಣಿವೆಯಲ್ಲಿ ಮಾರ್ದನಿಸಿತು.

ಐದನೆಯ ಬೆಳಿಗ್ಗೆ, ಹಿಮದ ಕೊನೆಯ ಏರಿನಲ್ಲಿ, ಮೊಣಕಾಲು ಮುಷ್ಕರ ಹೂಡಿತು. ಲಿಫ್ಟಮ್ಮ ಬಂಡೆಯೊಂದರ ಮೇಲೆ ಕುಸಿದಳು. ಇಬ್ಬರು ಸಂಗಡಿಗರು ಆಗಲೇ ಹಿಂದೆ ಉಳಿದಿದ್ದರು. ಮೂಳೆ ಡಾಕ್ಟರು ಆಕೆಯ ಕಾಲನ್ನು ಒತ್ತಿ ನೋಡಿ, ಇಷ್ಟು ಬಂದದ್ದೇ ದೊಡ್ಡದು, ಇನ್ನು ಸಾಕು ಎಂದರು. ಆಕೆ ಒಲ್ಲೆನೆಂದು ತಲೆಯಾಡಿಸಿದಾಗ ಅವರಿಗೆ ಹಲವು ದಿನದಿಂದ ಒಳಗೇ ಕೊರೆಯುತ್ತಿದ್ದ ಮಾತು ಹೊರಬಿತ್ತು.

"ನೋಡಿ, ನಿಮಗೆ ಯಾರೂ ಹೇಳಿಲ್ಲ. ಹೇಳಬೇಕಾಗಿದ್ದವನು ನಾನು, ಧೈರ್ಯ ಬರಲಿಲ್ಲ. ಆ ಹೊಸ ಲಿಫ್ಟಿಗೆ ನಡೆಸೋರು ಬೇಕಾಗಲ್ಲ. ಇದು ಗೆದ್ರೆ ನಿಮ್ಮ ಕೆಲಸ ಹೋಗುತ್ತೆ."

"ಆ ಕಾಗದ ಅಂಟಿಸಿದ್ದು ಯಾರು ಡಾಕ್ಟ್ರೇ?" ಲಿಫ್ಟಮ್ಮ ಮೊಣಕಾಲು ತಿಕ್ಕುತ್ತಲೇ ಕೇಳಿದಳು. "ಓದದೆ ಅಂಟಿಸ್ತೀನಾ? ಮೂರು ತಿಂಗಳಿಂದ ಎದುರಿಗೇ ಕೂತಿದ್ದೀನಿ. ಅದಿರ್ಲಿ, ಇನ್ನೆಷ್ಟು ಮಹಡಿ ಇದೆ ಹೇಳಿ."

ಡಾಕ್ಟರು ತುದಿಯ ಕಡೆ ನೋಡಿ, ಒಂದು ನಲವತ್ತು ಇರಬಹುದು ಎಂದರು.

"ಏಳು ಟ್ರಿಪ್ಪು. ಬೆಳಗಿನ ಕಾಫಿಗೆ ಮುಂಚೆ ಮುಗಿಸೋ ಕೆಲಸ."

ಡಾಕ್ಟರು ಆಕೆಯ ಚೀಲವನ್ನೂ ತಮ್ಮ ಹೆಗಲಿಗೆ ಏರಿಸಿಕೊಂಡರು. ಏಳು ಟ್ರಿಪ್ಪು ಹೋಗಿ ಒಂಬತ್ತಾಯಿತು. ಇಡೀ ಹೊತ್ತು ಮಹಡಿ ಕೂಗಿದವರು ಡಾಕ್ಟರು. ಲಿಫ್ಟಮ್ಮನಿಗೆ ಉಸಿರಿರಲಿಲ್ಲ, ಆದರೂ ಅವರು ಒಮ್ಮೆ ಹೆರಿಗೆಯನ್ನು ಬಿಟ್ಟು ಮೂಳೆಗೆ ಹಾರಿದಾಗ ಕೋಲಿನಿಂದ ತಿವಿದು ತಿದ್ದಿಸಿದಳು. ತುದಿ ತಲುಪಿದಾಗ ಆಕೆ ಮಾಡಿದ ಮೊದಲ ಕೆಲಸ ಕೂತದ್ದು. ಫೋಟೋ ತೆಗೆದದ್ದೂ ಹಾಗೇ.

ಊರಿನಲ್ಲಿ ಸಂಭ್ರಮವೂ ಆಯಿತು, ಹಲವರ ಮುಖ ಹುಳ್ಳಗೂ ಆಯಿತು. ರುಜು ಹಾಕಿದವರು ಒಬ್ಬೊಬ್ಬರಾಗಿ ಬಂದು ಕೊಟ್ಟರು. ಸಿಮೆಂಟ್ ಸಾಹುಕಾರ ಮಾತ್ರ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿ, ನಾನು ಹೇಳಿದ್ದು ನಿಂತರೆ ಎಂದು, ಈಕೆ ಕೂತಿದ್ದಾಳಲ್ಲ ಎಂದು ಕಮಿಟಿಯ ಮುಂದೆ ರಾಗ ಎಳೆದ. ಅವನಿಲ್ಲದೆ ಅರ್ಧ ಲಿಫ್ಟು ಬರುತ್ತಿತ್ತು. ಅರ್ಧ ಲಿಫ್ಟಿನಿಂದ ಏನೂ ಪ್ರಯೋಜನವಿಲ್ಲ.

ಮರುದಿನ ಅವನು ಪ್ಲಾಸ್ಟರು ತೆಗೆಸಿದ ಕಾಲನ್ನು ತೋರಿಸಲು ಬಂದ. ಲಿಫ್ಟಿನಲ್ಲಿ ಅವನೊಬ್ಬನೇ. ಲಿಫ್ಟಮ್ಮ ಜಾಲರಿ ಎಳೆದು ಹಿಡಿಯನ್ನು ಬಲಕ್ಕೆ ತಿರುಗಿಸಿದಳು. ಹೆರಿಗೆ ಕಳೆಯಿತು. ಮೂಳೆ ಬರಲಿಲ್ಲ. ಎರಡರ ನಡುವೆ ಇಟ್ಟಿಗೆಯ ಗೋಡೆಯ ಎದುರು ಲಿಫ್ಟು ಮೆತ್ತಗೆ ನಿಂತುಕೊಂಡಿತು.

"ಹಳೇ ಲಿಫ್ಟು ಸಾಹುಕಾರ್ರೇ" ಎಂದು ಆಕೆ ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು. "ಅದಕ್ಕೂ ಎಲ್ಲಿ ನಿಂತ್ರೆ ನಿಂತ ಹಾಗೆ ಅನ್ನೋದು ಮರೆತುಹೋಗುತ್ತೆ. ನೆನಪಾಗೋವರೆಗೆ ಕಾಯೋಣ. ನಂಗೇನೂ ಅವಸರ ಇಲ್ಲ."

ಸಾಹುಕಾರ ಗೋಡೆ ನೋಡಿದ, ಎದುರಿಗೆ ಅಂಟಿಸಿದ್ದ ಕಾಗದವನ್ನು ಓದಿದ, ಮತ್ತೆ ಗೋಡೆ ನೋಡಿದ. ಸಣ್ಣಕ್ಷರದ ಸಾಲಿನ ಹತ್ತಿರ ಅವನ ಬೆರಳು ನಿಂತಿತು. ಇದು ನಿಮಗೆ ಗೊತ್ತಿದೆಯೋ ಎಂದು ಅವನು ದನಿ ತಗ್ಗಿಸಿ ಕೇಳಿದಾಗ ಲಿಫ್ಟಮ್ಮ ಹೂಂಗುಟ್ಟಿದಳು. ಆಮೇಲೆ ಅವನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಜೇಬಿನಿಂದ ಚೆಕ್ ಪುಸ್ತಕ ತೆಗೆದು, ಆ ಕಾಗದ ಅಂಟಿಸಿದ್ದ ಗೋಡೆಗೇ ಆನಿಸಿ ಬರೆದ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಲಿಫ್ಟು ಹಾಗೆ ನಡುವೆ ನಿಂತದ್ದು ಅದೊಂದೇ ಸಲ ಎಂದು ತಿಂಗಳಿಗೊಮ್ಮೆ ಎಣ್ಣೆ ಹಾಕಲು ಬರುತ್ತಿದ್ದ ಮೆಕ್ಯಾನಿಕ್ ಇಂದಿಗೂ ಹೇಳುತ್ತಾನೆ.

ಏಳು ತಿಂಗಳಲ್ಲಿ ಹೊಸ ಲಿಫ್ಟು ಬಂತು. ಹಳೆಯದರ ಹಿತ್ತಾಳೆ ಹಿಡಿಯನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಲಿಫ್ಟಮ್ಮನಿಗೆ ಕೊಟ್ಟರು. ಕಮಿಟಿಯವರು ಸಂಕೋಚದಿಂದ, ರಿಟೈರಾಗುವವರೆಗೆ ಹೊಸದರಲ್ಲೂ ಸ್ಟೂಲು ಹಾಕಿಕೊಂಡು ಕೂರಬಹುದು ಎಂದರು. ತಾನೇ ಓಡುವ ಯಂತ್ರದಲ್ಲಿ ನೆಂಟಳ ಹಾಗೆ ಕೂರುವುದು ತನ್ನಿಂದಾಗದು ಎಂದು ಆಕೆ ಹಿಡಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ಹೊರಟಳು. ತಡೆದವಳು ಮಕ್ಕಳ ವಾರ್ಡಿನ ಹಿರಿಯ ನರ್ಸು. ಮಂಚ ಇಳಿಸಲು ಆಗದೇ ಇದ್ದುದರಿಂದ, ಮಂಚ ಇಳಿಸುವವರು ಬೇಕೆಂದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಈಗ ಹದಿನಾಲ್ಕು ಮಂಚ ಕಾಯುತ್ತಿದ್ದವು. ಅವನ್ನು ತಳ್ಳಿಕೊಂಡು ಹೋಗಿ, ಅಂಗಳದಲ್ಲಿ ಬಿಸಿಲಿಗಿಟ್ಟು, ಮತ್ತೆ ತರಲು ನರ್ಸುಗಳಿಗೆ ಕೈ ಸಾಲದು. ಪರ್ವತ ಹತ್ತಿದ ಕಾಲು ಯಾರದ್ದಾದರೂ ಖಾಲಿ ಇದೆಯೇ ಎಂದು ನರ್ಸು ಕಮಿಟಿಯವರ ಎದುರೇ ಕೇಳಿದಳು.

ಮೊದಲು ಇಳಿದದ್ದು ಆ ಹುಡುಗಿಯ ಮಂಚ, ಹಗ್ಗ ಕಲ್ಲುಗಳ ಸಮೇತ. ಲಿಫ್ಟಿನ ಬಾಗಿಲು ತಾನಾಗಿ ತೆರೆದಾಗ ಲಿಫ್ಟಮ್ಮ ಮೊದಲು ನೋಡಿದ್ದು ನೆಲವನ್ನು.

"ಎರಡು ಬೆರಳು ತಪ್ಪಿದೆ" ಎಂದು ಪರಮ ಸಂತೋಷದಿಂದ ಘೋಷಿಸಿ, ಮಂಚದ ಚಕ್ರವನ್ನು ಮೆಲ್ಲಗೆ ಎತ್ತಿ ದಾಟಿಸಿದಳು.

ಮರದ ಕೆಳಗೆ ಮಂಚ ನಿಂತಿತು. ಹುಡುಗಿ ಬುಡವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬಹಳ ಹೊತ್ತು ನೋಡಿದಳು. ಆಮೇಲೆ ಲಿಫ್ಟಮ್ಮನನ್ನು ನೋಡಿದಳು.

"ಎಂಟು ಜನ ಬೇಕು ಅಂದಿದ್ರಿ. ಇದಕ್ಕೆ ನೀವೊಬ್ರೇ ಸಾಕು."

ಲಿಫ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಪರ್ವತವೂ ಹೀಗೇ, ಕೆಳಗಿನಿಂದ ಕಂಡಷ್ಟು ದೊಡ್ಡದಾಗಿ ಮೇಲೆ ಹೋದಾಗ ಇರಲಿಲ್ಲ ಎಂದು ಸಮಜಾಯಿಷಿ ಕೊಟ್ಟಳು. ಹುಡುಗಿ ಒಪ್ಪಿದಂತೆ ಕಾಣಲಿಲ್ಲ. ಅವಳು ಕೈ ಚಾಚಿ ತೊಗಟೆ ಮುಟ್ಟಲು ನೋಡುತ್ತಿದ್ದಳು, ಒಂದು ಗೇಣು ದೂರವಿತ್ತು. ಲಿಫ್ಟಮ್ಮ ಮಂಚವನ್ನು ಇಷ್ಟಿಷ್ಟೇ ತಳ್ಳಿ, ಬೆರಳಿಗೆ ತೊಗಟೆ ತಾಗುವ ಜಾಗದಲ್ಲಿ, ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲದಂತೆ ನಿಲ್ಲಿಸಿದಳು.

"ಬೇಗ ನೋಡಿ ಮುಗಿಸಮ್ಮ" ಎಂದಳು. "ಮೇಲೆ ಇನ್ನೂ ಹದಿಮೂರು ಮಂಚ ಇದೆ."